ಊರೊಳಗೆ ಓಡಿಸೋಕೆ ಯಾವ ಸೈಕಲ್: ಸಿಂಗಲ್ ಸ್ಪೀಡಾ, ಗೇರಿನದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಸೈಕಲ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇವು. ಕೇಳುವವರಲ್ಲಿ ಬೆಂಗಳೂರಿನವರೇ ಜಾಸ್ತಿ, ಹಾಗಾಗಿ ಉದಾಹರಣೆಗಳೂ ಹೆಚ್ಚಾಗಿ ಅಲ್ಲಿನವೇ. ಆಫೀಸು, ಕಾಲೇಜು, ತರಕಾರಿ ಅಂಗಡಿ, ಮಗಳ ಟ್ಯೂಷನ್ ಇಂಥ ದಿನದ ಓಡಾಟಕ್ಕೆ ಮಾತ್ರ ಈ ಉತ್ತರಗಳು. ಭಾನುವಾರ ಬೆಳಗ್ಗೆ ನಂದಿ ಬೆಟ್ಟ ಹತ್ತುವವರ ಲೆಕ್ಕ ಬೇರೆ.

ಸುತ್ತಿ ಬಳಸಿ ಹೇಳಬೇಡಿ. ಯಾವುದು ತಗೊಳ್ಳಲಿ?

ನೀವು ದಿನಾ ಹೋಗುವ ದಾರಿಯಲ್ಲಿ ಎಲ್ಲಕ್ಕಿಂತ ಕಡಿದಾದ ಏರು ಯಾವುದು ಅಂತ ನೋಡಿ. ಅದನ್ನು ಸೀಟಿನ ಮೇಲೆ ಕೂತೇ ಹತ್ತಬಹುದಾದರೆ ಸಿಂಗಲ್ ಸ್ಪೀಡ್ ಸಾಕು. ದಿನಾ ಎದ್ದು ನಿಂತು ತುಳಿಯಬೇಕು ಅಂತಾದರೆ ಗೇರಿನದು ತಗೊಳ್ಳಿ. ಗೇರಿನದಾದರೆ ಮುಂದೆ ಒಂದೇ ಚೈನ್ ವೀಲ್ (ಪೆಡಲಿನ ಜೊತೆ ತಿರುಗುವ ಹಲ್ಲಿನ ಚಕ್ರ), ಹಿಂದೆ ಹಲ್ಲಿನ ಚಕ್ರಗಳು ಏಳು ಇರುವುದನ್ನು ಹುಡುಕಿ. 21 ಗೇರು, 24 ಗೇರು ಅಂತ ಫ್ರೇಮಿನ ಮೇಲೆ ಸ್ಟಿಕರ್ ಹಚ್ಚಿರುವುದಕ್ಕೆ ಮಾರುಹೋಗಬೇಡಿ.

ಬಹಳ ಜನರಿಗೆ ಇಷ್ಟೇ ಸಾಕು. ಯಾಕೆ ಅಂತ ಕೇಳುವವರು ಮುಂದೆ ಓದಿ.

ಸಿಂಗಲ್ ಸ್ಪೀಡ್ ಅಂದರೆ ನಮ್ಮ ತಾತನ ಕಾಲದ ಸೈಕಲ್ಲೇ ಅಲ್ವಾ?

ಹೌದು, ಅದೇ. ಹೀರೋ, ಅಟ್ಲಾಸ್, ಹರ್ಕ್ಯುಲಿಸ್ ಅಂತ ಊರೂರಲ್ಲಿ ಓಡಿದ ಕಪ್ಪು ಸೈಕಲ್‌ಗಳೆಲ್ಲ ಸಿಂಗಲ್ ಸ್ಪೀಡೇ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಹಿಂದೆ ಹೆಂಡತಿ, ಮುಂದಿನ ಬಾರಿನ ಮೇಲೆ ಮಗು, ಎಲ್ಲವನ್ನೂ ಅವು ಒಂದೇ ಗೇರಿನಲ್ಲಿ ಎಳೆದಿವೆ. 2006-07ರಲ್ಲಿ ಶುರುವಾದ ಸರ್ಕಾರಿ ಯೋಜನೆಯಲ್ಲಿ ಎಂಟನೇ ತರಗತಿ ಮಕ್ಕಳಿಗೆ ಕೊಟ್ಟ ಸೈಕಲ್‌ಗಳಿಗೂ ಗೇರ್ ಇರಲಿಲ್ಲ. ಹಾಗಾಗಿ ಕರ್ನಾಟಕದ ಯಾವ ಹೋಬಳಿಗೆ ಹೋದರೂ ಇದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಸಿಗುತ್ತಾನೆ.

ಈಗಿನ ಸಿಂಗಲ್ ಸ್ಪೀಡ್ ನೋಡಲು ಬೇರೆ ಥರ ಇರುತ್ತದೆ. ಫ್ರೇಮ್ ಹಗುರ, ಟಯರ್ ತೆಳು, ಹ್ಯಾಂಡಲ್ ನೇರ. ಕಂಬಿ ಬ್ರೇಕಿನ ಜಾಗದಲ್ಲಿ ಕೇಬಲ್ ಬ್ರೇಕ್. ಆದರೆ ಒಳಗಿನ ಲೆಕ್ಕ ಅದೇ: ಮುಂದೆ ಒಂದು ಹಲ್ಲಿನ ಚಕ್ರ, ಹಿಂದೆ ಒಂದು, ನಡುವೆ ಚೈನು.

ನಮ್ಮ ದಾರಿ ಏರಾ, ಸಮನಾ ಅಂತ ಹೇಗೆ ಗೊತ್ತಾಗುತ್ತೆ? ಬೈಕಿನಲ್ಲಿ ಹೋದಾಗ ಎಲ್ಲಾ ಸಮ ಅನಿಸುತ್ತೆ.

ಒಳ್ಳೇ ಪ್ರಶ್ನೆ. ಸ್ಕೂಟರಿನಲ್ಲಿ ಹತ್ತು ವರ್ಷ ಓಡಾಡಿದ ದಾರಿಯಲ್ಲಿ ಏರು ಇದೆ ಅಂತ ಗೊತ್ತಾಗುವುದೇ ಸೈಕಲ್ ತುಳಿದ ಮೊದಲ ದಿನ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ ಅಂತ ಶಾಲೆಯಲ್ಲಿ ಓದಿರುತ್ತೇವೆ. ಸೈಕಲ್ ಸವಾರನಿಗೆ ಅದಕ್ಕಿಂತ ಮುಖ್ಯವಾದದ್ದು ಊರಿನ ಒಳಗಿನ ಕಣಿವೆಗಳು. ಮೂರು ದೊಡ್ಡ ಕಣಿವೆಗಳಿವೆ: ಪಶ್ಚಿಮಕ್ಕೆ ವೃಷಭಾವತಿ, ಉತ್ತರಕ್ಕೆ ಹೆಬ್ಬಾಳ, ಆಗ್ನೇಯಕ್ಕೆ ಕೋರಮಂಗಲ–ಚಲ್ಲಘಟ್ಟ. ಮಳೆ ನೀರು, ಈಗ ಚರಂಡಿ ನೀರೂ, ಇವುಗಳಲ್ಲೇ ಹರಿದು ಹೋಗುತ್ತದೆ. ನಡುವಿನ ದಿಣ್ಣೆಯ ಮೇಲೇ ಓಡಾಡುವವರಿಗೆ ಊರು ಸಮ ಅನಿಸುತ್ತದೆ. ಕಣಿವೆಗೆ ಇಳಿದು ಆಚೆ ಹತ್ತುವವರಿಗೆ ಅದೇ ಊರು ಬೇರೆಯಾಗಿ ಕಾಣುತ್ತದೆ. ಹೆಬ್ಬಾಳದ ಕಡೆಯಿಂದ ಮೇಖ್ರಿ ಸರ್ಕಲ್‌ಗೆ ಬಂದು ನೋಡಿ. ಇಲ್ಲವೇ ನಾಯಂಡಹಳ್ಳಿಯಿಂದ ರಿಂಗ್ ರೋಡಿನಲ್ಲಿ ಕತ್ರಿಗುಪ್ಪೆ ಕಡೆ ಹತ್ತಿ. ಎರಡೂ ಕಣಿವೆಯಿಂದ ಮೇಲಕ್ಕೆ ಬರುವ ದಾರಿಗಳು. ಜಯನಗರದ ಒಳಗೇ ಬ್ಲಾಕಿಂದ ಬ್ಲಾಕಿಗೆ ಓಡಾಡುವವರಿಗೆ ಈ ಕಷ್ಟ ಇಲ್ಲ.

ಒಂದು ಸುಲಭ ಗುರುತು ಹೇಳುತ್ತೇನೆ. ನಿಮ್ಮ ದಾರಿ ರಾಜಕಾಲುವೆಯನ್ನೋ ಕೆರೆ ಏರಿಯನ್ನೋ ದಾಟುತ್ತಿದ್ದರೆ, ಅದರ ಎರಡೂ ಕಡೆ ಏರು ಇದ್ದೇ ಇರುತ್ತದೆ. ಮಳೆ ಬಂದಾಗ ಯಾವ ಜಾಗದಲ್ಲಿ ನೀರು ನಿಲ್ಲುತ್ತದೆ ಅಂತ ನೆನಪು ಮಾಡಿಕೊಳ್ಳಿ. ಅದು ತಗ್ಗು. ಅಲ್ಲಿಂದ ಎತ್ತ ಹೋದರೂ ಹತ್ತಲೇಬೇಕು.

ಇನ್ನು ರಸ್ತೆ ಎಷ್ಟು ಕಡಿದಾಗಿರಬಹುದು ಅನ್ನುವುದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದ ಪ್ರಕಾರ ಬಯಲು ಸೀಮೆಯ ರಸ್ತೆಯ ಏರು ಸಾಮಾನ್ಯವಾಗಿ ನೂರಕ್ಕೆ 3.3 ದಾಟಬಾರದು. ಅಂದರೆ 30 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ಅನಿವಾರ್ಯ ಆದಲ್ಲಿ ನೂರಕ್ಕೆ 5, ತೀರಾ ಅಪರೂಪಕ್ಕೆ 6.7. ಇದು ಹೆದ್ದಾರಿಗಳಿಗೆ ಮಾಡಿದ ಲೆಕ್ಕ. ಹಳೇ ಬಡಾವಣೆಯ ಕ್ರಾಸ್ ರೋಡುಗಳು ಯಾವ ನಿಯಮವನ್ನೂ ಕೇಳಿ ಹುಟ್ಟಿದವಲ್ಲ. ಮುಖ್ಯರಸ್ತೆ ಸಮ ಇದ್ದು ಮನೆಯ ಕೊನೇ ಇನ್ನೂರು ಮೀಟರ್ ಮಾತ್ರ ಪ್ರಾಣ ತಿನ್ನುವುದು ಇದಕ್ಕೇ.

ಅತ್ಯುತ್ತಮ ಪರೀಕ್ಷೆ: ಪಕ್ಕದ ಮನೆಯವರ ಸೈಕಲ್ ಕೇಳಿ ತಗೊಂಡು ಒಮ್ಮೆ ಆ ದಾರಿಯಲ್ಲಿ ಹೋಗಿ ಬನ್ನಿ. ಟಯರಿಗೆ ಗಾಳಿ ಹೊಡೆಸಿಕೊಂಡು ಹೋಗಿ, ಇಲ್ಲದಿದ್ದರೆ ಸಮ ರಸ್ತೆಯೂ ಏರೇ.

ಮಂಗಳೂರು, ಮೈಸೂರು, ಉತ್ತರ ಕರ್ನಾಟಕದ ಕಥೆ ಏನು?

ಮಂಗಳೂರಿನವರು ಚರ್ಚೆ ಮಾಡುವುದೇ ಬೇಡ, ಗೇರ್ ತಗೊಳ್ಳಿ. ಹಂಪನಕಟ್ಟೆಯಿಂದ ಲೈಟ್‌ಹೌಸ್ ಹಿಲ್ ಕಡೆಗೋ ಕದ್ರಿ ಕಡೆಗೋ ಹತ್ತಿದವರಿಗೆ ಗೊತ್ತು. ಮೇಲಿಂದ ಸೆಕೆ ಬೇರೆ. ಮಡಿಕೇರಿಯವರಿಗೆ ಹೇಳುವುದೇ ಬೇಕಿಲ್ಲ.

ಮೈಸೂರಿನ ಒಳಗೆ ಏರಿಳಿತ ಇದ್ದರೂ ಮೆಲ್ಲಗಿನದು, ಸಿಂಗಲ್ ಸ್ಪೀಡಿಗೆ ಹೇಳಿ ಮಾಡಿಸಿದ ಊರು. ಚಾಮುಂಡಿ ಬೆಟ್ಟ ಮಾತ್ರ ಲೆಕ್ಕಕ್ಕೆ ಸೇರಿಸಬೇಡಿ. ಕಲಬುರಗಿ, ವಿಜಯಪುರ, ರಾಯಚೂರಿನಲ್ಲಿ ಗೇರಿಗೆ ದುಡ್ಡು ಹಾಕುವ ಬದಲು ಒಳ್ಳೇ ಟಯರಿಗೆ, ತಲೆಗೊಂದು ಟೋಪಿಗೆ ಹಾಕುವುದು ಮೇಲು. ಅಲ್ಲಿ ಕಾಡುವುದು ಏರಲ್ಲ, ಬಿಸಿಲು ಮತ್ತು ಎದುರು ಗಾಳಿ. ಧಾರವಾಡ ಮಲೆನಾಡಿನ ಅಂಚು, ದಿಣ್ಣೆ ಇದೆ. ಅಲ್ಲಿ ನಿಮ್ಮ ಓಣಿ ನೋಡಿ ತೀರ್ಮಾನ ಮಾಡಿ.

ಏರಿನಲ್ಲಿ ಗೇರ್ ನಿಜವಾಗಿ ಏನು ಮಾಡುತ್ತೆ? ಶ್ರಮ ಕಡಿಮೆ ಮಾಡುತ್ತಾ?

ಶ್ರಮ ಕಡಿಮೆ ಮಾಡುವುದಿಲ್ಲ. ಅದೇ ಶ್ರಮವನ್ನು ಹೆಚ್ಚು ಸುತ್ತುಗಳಿಗೆ ಹಂಚುತ್ತದೆ. ಇದನ್ನು ಒಂದು ಲೆಕ್ಕದಲ್ಲಿ ನೋಡೋಣ.

ಸವಾರ 70 ಕೆ.ಜಿ, ಸೈಕಲ್ 16 ಕೆ.ಜಿ ಅಂತಿಟ್ಟುಕೊಳ್ಳಿ. ನೂರಕ್ಕೆ 5ರ ಏರನ್ನು ಗಂಟೆಗೆ 10 ಕಿ.ಮೀ ವೇಗದಲ್ಲಿ ಹತ್ತಬೇಕು. ಇದಕ್ಕೆ ಸುಮಾರು 135 ವ್ಯಾಟ್ ಶಕ್ತಿ ಬೇಕು. ಯಾವ ಸೈಕಲ್ ಆದರೂ ಇಷ್ಟು ಬೇಕೇ ಬೇಕು.

ಸಿಂಗಲ್ ಸ್ಪೀಡಿನಲ್ಲಿ ಮುಂದೆ 44 ಹಲ್ಲು, ಹಿಂದೆ 18 ಇದೆ ಅನ್ನಿ. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 5.3 ಮೀಟರ್ ಮುಂದೆ ಹೋಗುತ್ತದೆ. 10 ಕಿ.ಮೀ ವೇಗಕ್ಕೆ ನಿಮಿಷಕ್ಕೆ ಬರೀ 31 ಸುತ್ತು. ಆ ನಿಧಾನದಲ್ಲಿ 135 ವ್ಯಾಟ್ ತೆಗೆಯಲು ಪೆಡಲಿನ ಮೇಲೆ ಸರಾಸರಿ 25 ಕೆ.ಜಿ ಭಾರದಷ್ಟು ಒತ್ತಬೇಕು. ಇದು ಸರಾಸರಿ. ಪೆಡಲ್ ಮುಂದಕ್ಕೆ ಬಂದ ಗಳಿಗೆಯಲ್ಲಿ ಅದರ ಎರಡರಷ್ಟು ಹತ್ತಿರ ಹೋಗುತ್ತದೆ.

ಗೇರ್ ಸೈಕಲಿನಲ್ಲಿ ಮುಂದೆ 28, ಹಿಂದೆ 28 ಹಾಕಿಕೊಂಡರೆ? ಅದೇ ವೇಗಕ್ಕೆ ನಿಮಿಷಕ್ಕೆ 77 ಸುತ್ತು. ಒತ್ತಬೇಕಾದ್ದು ಸರಾಸರಿ 10 ಕೆ.ಜಿ ಅಷ್ಟೇ. ಉಸಿರು ಎರಡರಲ್ಲೂ ಹೆಚ್ಚು ಕಡಿಮೆ ಅಷ್ಟೇ ಬರುತ್ತದೆ. ಮಂಡಿ, ತೊಡೆಗೆ ಮಾತ್ರ ಅಜಗಜಾಂತರ. ಬಿಂದಿಗೆ ನೀರನ್ನು ಒಂದೇ ಸಲ ಮೂರನೇ ಮಹಡಿಗೆ ಹೊರುವುದಕ್ಕೂ ಚೊಂಬು ಚೊಂಬಾಗಿ ಹೊರುವುದಕ್ಕೂ ಇರುವ ವ್ಯತ್ಯಾಸ.

ಈ ಲೆಕ್ಕವನ್ನೇ ತಿರುಗಿಸಿ ನೋಡಿ. ಸಮ ರಸ್ತೆಯಲ್ಲಿ 44–18ರ ಸೈಕಲನ್ನು ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 19 ಕಿ.ಮೀ, 70 ಸುತ್ತಾದರೆ 22 ಕಿ.ಮೀ. ಊರೊಳಗಿನ ಟ್ರಾಫಿಕ್ಕಿಗೆ ಇದಕ್ಕಿಂತ ಏನು ಬೇಕು? ಸಮ ರಸ್ತೆಗೆ ಸಿಂಗಲ್ ಸ್ಪೀಡ್ ಸಾಕು ಅನ್ನುವುದು ಇದಕ್ಕೇ.

ಗೇರ್ ಇದ್ದರೆ ಜಾಸ್ತಿ ಸ್ಪೀಡ್ ಹೋಗಬಹುದಲ್ವಾ?

ಇಳಿಜಾರಿನಲ್ಲಿ ಹೋಗಬಹುದು. ಊರೊಳಗೆ ನಿಮ್ಮ ವೇಗವನ್ನು ತೀರ್ಮಾನಿಸುವುದು ಗೇರಲ್ಲ. ಸಿಗ್ನಲ್ಲು, ಹಂಪು, ಗುಂಡಿ, ಹಠಾತ್ತನೆ ಬಾಗಿಲು ತೆಗೆಯುವ ಕಾರು, ಬಲಕ್ಕೆ ಕೈ ತೋರಿಸಿ ಎಡಕ್ಕೆ ತಿರುಗುವ ಆಟೋ ಇವೇ ತೀರ್ಮಾನಿಸುವುದು.

21 ಗೇರ್ ಇದ್ದದ್ದು 7 ಗೇರಿನದಕ್ಕಿಂತ ಮೂರು ಪಟ್ಟು ಮೇಲಲ್ವಾ?

ಅಲ್ಲ. ಇದು ಅಂಗಡಿಯಲ್ಲಿ ಅತಿ ಹೆಚ್ಚು ಜನ ಮೋಸಹೋಗುವ ಜಾಗ.

21 ಅಂದರೆ ಮುಂದೆ 3, ಹಿಂದೆ 7, ಗುಣಿಸಿದರೆ 21. ಮುಂದಿನವು 48, 38, 28 ಹಲ್ಲಿನವು, ಹಿಂದಿನವು 14ರಿಂದ 28ರವರೆಗೆ ಅಂತಿಟ್ಟುಕೊಳ್ಳಿ. ಮುಂದೆ 48 ಹಿಂದೆ 24 ಹಾಕಿದರೆ ಪೆಡಲಿನ ಒಂದು ಸುತ್ತಿಗೆ ಹಿಂದಿನ ಚಕ್ರ ಎರಡು ಸುತ್ತು. ಮುಂದೆ 28 ಹಿಂದೆ 14 ಹಾಕಿದರೂ ಎರಡೇ ಸುತ್ತು. ಅಂದರೆ ಒಂದೇ ಗೇರಿಗೆ ಎರಡು ಹೆಸರು. ಇನ್ನೂ ನೋಡಿ: 48–28, 38–22, 28–16. ಈ ಮೂರರ ನಡುವಿನ ವ್ಯತ್ಯಾಸ ಕಾಲಿಗೆ ಗೊತ್ತೇ ಆಗುವುದಿಲ್ಲ. ಹೀಗೆ ಒಂದರ ಮೇಲೊಂದು ಬೀಳುವುದನ್ನೆಲ್ಲ ತೆಗೆದರೆ ನಿಜವಾಗಿ ಬೇರೆ ಬೇರೆ ಅನಿಸುವ ಗೇರ್ ಉಳಿಯುವುದು ಹದಿಮೂರರಷ್ಟು. ಅದರಲ್ಲೂ ಮುಂದಿನ ದೊಡ್ಡದರಿಂದ ಹಿಂದಿನ ದೊಡ್ಡದಕ್ಕೆ, ಚಿಕ್ಕದರಿಂದ ಚಿಕ್ಕದಕ್ಕೆ ಚೈನು ಓರೆಯಾಗಿ ಎಳೆಯುತ್ತದೆ, ಕಿರಗುಟ್ಟುತ್ತದೆ, ಬೇಗ ಸವೆಯುತ್ತದೆ. ಅವನ್ನು ಬಳಸಲೇಬಾರದು.

ಮುಂದೆ 38ರ ಒಂದೇ ಚೈನ್ ವೀಲ್, ಹಿಂದೆ 14–28ರ ಏಳು. ಇದರ ಕೆಳಗಿನ ಗೇರಿನಲ್ಲಿ ನಿಮಿಷಕ್ಕೆ 60 ಸುತ್ತಿಗೆ ಗಂಟೆಗೆ 10 ಕಿ.ಮೀ ಚಿಲ್ಲರೆ, ಮೇಲಿನದರಲ್ಲಿ 70 ಸುತ್ತಿಗೆ 24 ಕಿ.ಮೀ ಚಿಲ್ಲರೆ. ಬೆಂಗಳೂರಿನ ಬಹುತೇಕ ಎಲ್ಲ ರಸ್ತೆ ಇದರೊಳಗೆ ಬಂತು. ಇನ್ನೂ ಕಡಿದಾದ ಏರಿದ್ದರೆ ಹಿಂದೆ 34 ಹಲ್ಲಿನವರೆಗೆ ಇರುವ ಏಳರ ಸೆಟ್ಟು ಸಿಗುತ್ತದೆ, ಅದನ್ನು ಕೇಳಿ. ಎಡಗೈಗೆ ಬ್ರೇಕ್ ಬಿಟ್ಟು ಬೇರೆ ಕೆಲಸ ಇಲ್ಲ. ಕೇಬಲ್ ಒಂದು ಕಡಿಮೆ, ಮುಂದಿನ ಚೈನ್ ಕಳಚುವ ತಲೆನೋವೂ ಕಡಿಮೆ.

ಸಿಗ್ನಲ್ ಜಾಸ್ತಿ ಇರುವ ದಾರಿಗೆ ಯಾವುದು ವಾಸಿ?

ಇಲ್ಲಿ ಸಿಂಗಲ್ ಸ್ಪೀಡ್‌ನವರು ನಗುತ್ತಾರೆ. ಡಿರೇಲರ್ ಇರುವ ಸೈಕಲಿನಲ್ಲಿ, ಅಂದರೆ ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ತಳ್ಳುವ ಸಾಮಾನ್ಯ ಗೇರ್ ಸೈಕಲಿನಲ್ಲಿ, ಪೆಡಲ್ ತಿರುಗುತ್ತಿದ್ದರೆ ಮಾತ್ರ ಗೇರ್ ಬೀಳುತ್ತದೆ. ಆರನೇ ಗೇರಿನಲ್ಲಿ ಬರುತ್ತಿರುವಾಗ ಹಳದಿ ಲೈಟು ಬಿತ್ತು, ಗಪ್ಪನೆ ಬ್ರೇಕ್ ಹಾಕಿದಿರಿ. ಹಸಿರು ಬಿದ್ದಾಗ ಆರನೇ ಗೇರಿನಲ್ಲೇ ಎಳೆಯಬೇಕು. ಹಿಂದಿನ ಬಸ್ಸಿನವನು ಹಾರ್ನ್ ಒತ್ತುತ್ತಲೇ ಇರುತ್ತಾನೆ.

ಅಭ್ಯಾಸ ಮಾಡಿಕೊಳ್ಳಬೇಕಾದ್ದು ಇಷ್ಟೇ: ನಿಲ್ಲಬೇಕು ಅಂತ ಗೊತ್ತಾದ ಕೂಡಲೇ, ನಿಲ್ಲುವ ಮೊದಲು, ತುಳಿಯುತ್ತಾ ಎರಡು ಮೂರು ಗೇರ್ ಇಳಿಸಿ. ವಾರದೊಳಗೆ ಕೈ ತಾನಾಗೇ ಮಾಡುತ್ತದೆ. ಇನ್ನೊಂದು: ಏರಿನ ಮಧ್ಯೆ ಪೂರ್ತಿ ಬಲ ಹಾಕಿ ತುಳಿಯುತ್ತಿರುವಾಗ ಗೇರ್ ಬದಲಿಸಬೇಡಿ. ಕಟಕಟ ಸದ್ದು ಬರುತ್ತದಲ್ಲ, ಅದು ಹಲ್ಲಿಗೆ ಬೀಳುವ ಏಟು. ಏರು ಶುರುವಾಗುವ ಮೊದಲೇ ಇಳಿಸಿ.

ಸಿಂಗಲ್ ಸ್ಪೀಡ್ ತಗೊಂಡಾಯ್ತು, ಏರಿನಲ್ಲಿ ಸ್ವಲ್ಪ ಭಾರ ಅನಿಸುತ್ತಿದೆ. ಈಗೇನು?

ಸೈಕಲ್ ಮಾರಬೇಡಿ. ಫ್ರೀವೀಲ್ ಬದಲಿಸಿ, ಅಂದರೆ ತುಳಿಯುವುದು ನಿಲ್ಲಿಸಿದರೂ ಸೈಕಲ್ ಓಡಲು ಬಿಡುವ ಹಿಂದಿನ ಹಲ್ಲಿನ ಚಕ್ರ.

ಇದು ಗೊತ್ತಿಲ್ಲದೆ ಎಷ್ಟೋ ಜನ ಸುಮ್ನೆ ಸೈಕಲ್ ಮೂಲೆಗೆ ನಿಲ್ಲಿಸುತ್ತಾರೆ. ಹಿಂದಿನ ಚಕ್ರದ ಫ್ರೀವೀಲ್ 18 ಹಲ್ಲಿನದ್ದಾಗಿದ್ದರೆ 20ರದ್ದು ಹಾಕಿಸಿ. ತುಳಿಯುವುದು ಹತ್ತಕ್ಕೆ ಒಂದು ಪಾಲು ಹಗುರವಾಗುತ್ತದೆ. 22 ಹಾಕಿದರೆ ಇನ್ನೂ ಹಗುರ. ಸಮ ರಸ್ತೆಯಲ್ಲಿ ಅಷ್ಟೇ ಪಾಲು ವೇಗ ಬಿಟ್ಟುಕೊಡಬೇಕು: 70 ಸುತ್ತಿಗೆ 22 ಕಿ.ಮೀ ಹೋಗುತ್ತಿದ್ದದ್ದು 20ಕ್ಕೆ ಬರುತ್ತದೆ. ಊರೊಳಗೆ ಅದೇನೂ ನಷ್ಟವಲ್ಲ.

ಹಳೇ ಸೈಕಲ್ ಅಂಗಡಿಗೇ ಹೋಗಿ. "ಅಣ್ಣಾ, ಹದಿನೆಂಟು ತೆಗೆದು ಇಪ್ಪತ್ತು ಹಲ್ಲಿಂದು ಹಾಕಿಕೊಡಿ" ಅಂದರೆ ಸಾಕು. ಅವರು ಹಿಂದಿನ ಚಕ್ರ ಬಿಚ್ಚಿ, ಫ್ರೀವೀಲಿನ ಒಳಗೆ ಕೂರುವ ಟೂಲ್ ಹಾಕಿ, ಉದ್ದ ಹಿಡಿಯ ಸ್ಪ್ಯಾನರಿಗೆ ಮೈಭಾರ ಕೊಟ್ಟು ಒಂದೇ ಜಗ್ಗಿಗೆ ಸಡಿಲ ಮಾಡುತ್ತಾರೆ. ವರ್ಷಗಟ್ಟಲೆ ತುಳಿದ ಬಲಕ್ಕೆ ಅದು ಬಿಗಿದುಕೊಂಡಿರುತ್ತದೆ, ಮನೆಯಲ್ಲಿ ಮಾಡಲು ಹೋಗಬೇಡಿ. ಹೊಸದರ ಥ್ರೆಡ್ಡಿಗೆ ಸ್ವಲ್ಪ ಗ್ರೀಸ್ ಹಚ್ಚಲು ಹೇಳಿ, ಮುಂದಿನ ಸಲ ಸುಲಭವಾಗಿ ಬರುತ್ತದೆ. ಎರಡು ಹಲ್ಲು ಹೆಚ್ಚಾದರೆ ಹಿಂದಿನ ಚಕ್ರವನ್ನು ಸುಮಾರು 6 ಮಿಲಿಮೀಟರ್ ಮುಂದೆ ತರಬೇಕು. ಫ್ರೇಮಿನಲ್ಲಿ ಚಕ್ರ ಕೂರುವ ಸೀಳಿನಲ್ಲಿ ಅಷ್ಟು ಜಾಗ ಸಾಮಾನ್ಯವಾಗಿ ಇರುತ್ತದೆ. ಇಲ್ಲದಿದ್ದರೆ ಚೈನಿಗೆ ಕೊಂಡಿ ಸೇರಿಸುತ್ತಾರೆ. ಬ್ರೇಕಿನ ರಬ್ಬರು ರಿಮ್ಮಿಗೇ ಸರಿಯಾಗಿ ತಾಗುತ್ತದಾ ಅಂತ ಕೊನೆಗೆ ನೋಡಿಕೊಳ್ಳಿ.

ಖರ್ಚು, ರಿಪೇರಿ ಯಾವುದಕ್ಕೆ ಜಾಸ್ತಿ?

ಗೇರಿನದಕ್ಕೆ, ಅನುಮಾನವೇ ಬೇಡ. ಒಂದೇ ಮಟ್ಟದ ಎರಡು ಸೈಕಲ್‌ಗಳಲ್ಲಿ ಗೇರಿನದು ಕೊಳ್ಳುವಾಗಲೂ ದುಬಾರಿ. ಅದಕ್ಕಿಂತ ಮುಖ್ಯವಾಗಿ, ಒಂದೇ ಬೆಲೆಯ ಎರಡು ಸೈಕಲ್ ಇದ್ದರೆ ಗೇರಿನದರಲ್ಲಿ ಬೇರೆ ಎಲ್ಲೋ ಕೈ ಬಿಗಿ ಹಿಡಿದಿರುತ್ತಾರೆ: ರಿಮ್ಮು, ಬ್ರೇಕು, ಬೇರಿಂಗು. ಕಡಿಮೆ ಬಜೆಟ್ಟಿನಲ್ಲಿ ಒಳ್ಳೇ ಸಿಂಗಲ್ ಸ್ಪೀಡ್ ಸಿಗುತ್ತದೆ, ಒಳ್ಳೇ ಗೇರ್ ಸೈಕಲ್ ಸಿಗುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ನೂರಕ್ಕೆ 12ರಿಂದ 5ಕ್ಕೆ ಇಳಿದಿದೆ. ಎರಡಕ್ಕೂ ಒಂದೇ ದರ. ಬಿಲ್ಲಿನಲ್ಲಿ ನೋಡಿಕೊಳ್ಳಿ.

ಗೇರಿನದಕ್ಕೆ ಹೊಸದರಲ್ಲಿ ಒಂದೆರಡು ತಿಂಗಳಿಗೆ ಕೇಬಲ್ ಸಡಿಲವಾಗುತ್ತದೆ, ಒಮ್ಮೆ ಬಿಗಿಸಬೇಕು. ಆಮೇಲೆ ಕಾಡುವುದು ಹ್ಯಾಂಗರ್. ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಚಿಕ್ಕ ಕೊಕ್ಕೆ ಇದು. ಪಾರ್ಕಿಂಗಿನಲ್ಲಿ ಯಾರದೋ ಬೈಕು ತಾಗಿ ಸೈಕಲ್ ಬಲಕ್ಕೆ ಬಿತ್ತೋ, ಇದು ಬಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಗೇರ್ ಮಾತ್ರ ತಾನಾಗೇ ಹಾರುತ್ತದೆ. ನೀವು ಕೇಬಲ್ ಬಿಗಿಸಿ ಬಿಗಿಸಿ ಸುಸ್ತಾಗುತ್ತೀರಿ. ತುಂಬ ಬಾಗಿದ್ದಾಗ ಕೆಳಗಿನ ಗೇರಿಗೆ ಹಾಕಿದರೆ ಡಿರೇಲರ್ ಕಡ್ಡಿಗಳೊಳಗೆ ಸಿಕ್ಕಿಕೊಂಡು ಚಕ್ರವೇ ಹಾಳಾಗುತ್ತದೆ. ಬಲಕ್ಕೆ ಬಿದ್ದ ಮೇಲೆ ಗೇರ್ ಸರಿ ಬೀಳದಿದ್ದರೆ ಮೊದಲು ಹ್ಯಾಂಗರ್ ನೋಡಿಸಿ.

ಮೆಕ್ಯಾನಿಕ್ ವಿಷಯ ಕೊಳ್ಳುವ ಮೊದಲೇ ಯೋಚಿಸಿ. ನಿಮ್ಮ ಬೀದಿಯ ಅಂಗಡಿಯವರಿಗೆ ಗೇರ್ ಸೆಟ್ ಮಾಡಲು ಬರುತ್ತದಾ? ಬರುವುದಿಲ್ಲ ಅಂದರೆ ಪ್ರತಿ ಸಲವೂ ಸೈಕಲ್ಲನ್ನು ಎಲ್ಲಿಗೋ ಸಾಗಿಸಬೇಕು, ಎರಡು ದಿನ ಬಿಟ್ಟು ಬರಬೇಕು. ನನ್ನ ಅಭಿಪ್ರಾಯದಲ್ಲಿ ಏರಿನ ನಂತರ ಇದೇ ಎರಡನೇ ದೊಡ್ಡ ಕಾರಣ.

ಚೈನ್ ಯಾವಾಗ ಬದಲಿಸಬೇಕು?

ಸ್ಕೇಲ್ ಇದ್ದರೆ ಮನೆಯಲ್ಲೇ ತಿಳಿಯುತ್ತದೆ. ಚೈನಿನ ಒಂದು ಪಿನ್ನಿನ ನಡುವಿಗೆ ಸೊನ್ನೆ ಇಟ್ಟು ಅಲ್ಲಿಂದ 24ನೇ ಪಿನ್ ನೋಡಿ. ಹೊಸ ಚೈನಿನಲ್ಲಿ ಅದು ಸರಿಯಾಗಿ 12 ಇಂಚಿಗೆ ಇರುತ್ತದೆ. ಗೇರಿನ ಸೈಕಲಿನಲ್ಲಿ ಒಂದೂವರೆ ಮಿಲಿಮೀಟರ್ ಮುಂದೆ ಹೋಗಿದ್ದರೆ ಚೈನ್ ಬದಲಿಸಿ. ಮೂರು ಮಿಲಿಮೀಟರ್ ಆಗುವವರೆಗೆ ಬಿಟ್ಟರೆ ಹಿಂದಿನ ಹಲ್ಲುಗಳೂ ಸವೆದು ಅವನ್ನೂ ಬದಲಿಸಬೇಕಾಗುತ್ತದೆ. ಸಿಂಗಲ್ ಸ್ಪೀಡಿನ ಚೈನ್ ಅಗಲ, ಗಟ್ಟಿ, ಓರೆ ಎಳೆತವೂ ಇಲ್ಲ. ಇನ್ನೂ ಸ್ವಲ್ಪ ತಡೆಯುತ್ತದೆ.

ಸಿಂಗಲ್ ಸ್ಪೀಡಿನ ಚೈನ್ ಸಡಿಲವಾಗಿ ಕಳಚುತ್ತಿದ್ದರೆ ಹಿಂದಿನ ನಟ್ಟು ಸಡಿಲಿಸಿ ಚಕ್ರ ಹಿಂದಕ್ಕೆ ಎಳೆದು ಬಿಗಿಸಿ. ನಡುವಿನಲ್ಲಿ ಬೆರಳಿಂದ ಒತ್ತಿದರೆ ಅರ್ಧ ಇಂಚಿನಷ್ಟು ಆಡಬೇಕು. ತೀರಾ ಬಿಗಿಯಾದರೆ ಬೇರಿಂಗ್ ಹೋಗುತ್ತದೆ.

ಮಳೆಗಾಲಕ್ಕೆ?

ಸಿಂಗಲ್ ಸ್ಪೀಡ್. ಕೆಸರು, ಮರಳು ಸೇರಿದ ನೀರು ಡಿರೇಲರಿನ ಚಿಕ್ಕ ಗಾಲಿಗಳಿಗೂ ಕೇಬಲಿನ ಒಳಗೂ ಹೋಗುತ್ತದೆ. ಸಿಂಗಲ್ ಸ್ಪೀಡಿಗೆ ಪೂರ್ತಿ ಚೈನ್ ಕವರ್ ಹಾಕಿಸಬಹುದು, ಪ್ಯಾಂಟಿಗೂ ಎಣ್ಣೆ ಮೆತ್ತುವುದಿಲ್ಲ. ಗೇರಿನದೇ ಇದ್ದರೆ ಮಳೆಯಲ್ಲಿ ನೆನೆದು ಬಂದ ದಿನ ಚೈನನ್ನು ಹಳೇ ಬಟ್ಟೆಯಿಂದ ಒರೆಸಿ ಒಂದು ಸುತ್ತು ಚೈನ್ ಎಣ್ಣೆ ಬಿಡಿ, ಮೇಲಿನ ಎಣ್ಣೆ ಮತ್ತೆ ಒರೆಸಿ. ಕೊಬ್ಬರಿ ಎಣ್ಣೆ ಬೇಡ.

ಪಂಕ್ಚರ್ ಆದರೆ ಯಾವುದು ಸುಲಭ?

ನಮ್ಮಲ್ಲಿ ಪಂಕ್ಚರ್ ಅಂಗಡಿಯವರು ಚಕ್ರ ಬಿಚ್ಚುವುದೇ ಇಲ್ಲ. ಟಯರನ್ನು ಒಂದು ಬದಿಗೆ ಎಬ್ಬಿಸಿ, ಟ್ಯೂಬ್ ಹೊರಗೆಳೆದು, ಬೋಗುಣಿ ನೀರಿನಲ್ಲಿ ಅದ್ದಿ, ಪ್ಯಾಚ್ ಹಾಕಿ ಒಳಗೆ ತಳ್ಳುತ್ತಾರೆ. ಹಾಗಾಗಿ ಎರಡೂ ಒಂದೇ. ವಾಲ್ವ್ ಮಾತ್ರ ನೋಡಿಕೊಳ್ಳಿ. ಸ್ಕೂಟರಿನಂಥ ದಪ್ಪ ವಾಲ್ವ್ ಇದ್ದರೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ಸಿಗುತ್ತದೆ. ತೆಳು ಕಡ್ಡಿಯಂಥ ವಾಲ್ವ್ ಇದ್ದರೆ ಅದಕ್ಕೆ ಕೂರಿಸುವ ಚಿಕ್ಕ ಹಿತ್ತಾಳೆ ಅಡಾಪ್ಟರ್ ಜೇಬಿನಲ್ಲಿರಲಿ.

ಮಂಡಿ ನೋವಿದೆ. ಗೇರ್ ಬೇಕೇ ಬೇಕಾ?

ದಾರಿಯಲ್ಲಿ ಏರಿದ್ದರೆ ಹೌದು, ಮೇಲೆ ಹೇಳಿದ 25 ಕೆ.ಜಿ, 10 ಕೆ.ಜಿ ಲೆಕ್ಕ ನೆನಪಿಸಿಕೊಳ್ಳಿ. ಆದರೆ ಗೇರಿಗೆ ದುಡ್ಡು ಹಾಕುವ ಮೊದಲು ಸೀಟಿನ ಎತ್ತರ ನೋಡಿ. ಊರೊಳಗೆ ಓಡಿಸುವ ಬಹಳ ಜನ ಕಾಲು ನೆಲಕ್ಕೆ ಸಿಗಲಿ ಅಂತ ಸೀಟನ್ನು ತೀರಾ ಕೆಳಗೆ ಇಟ್ಟಿರುತ್ತಾರೆ. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಪೂರ್ತಿ ಕೆಳಗೆ ತಂದಾಗ ಕಾಲು ನೇರವಾಗಬೇಕು. ನಿಂತಾಗ ಬೆರಳ ತುದಿಯಷ್ಟೇ ನೆಲಕ್ಕೆ ತಾಗುತ್ತದೆ, ಅದು ಸರಿಯೇ. ನೋವು ಹಳೆಯದಾಗಿದ್ದರೆ ಡಾಕ್ಟರನ್ನು ಕೇಳಿ.

ಚಕ್ರದ ಒಳಗೇ ಗೇರ್ ಇರುವ ಸೈಕಲ್ ಅಂತಾರಲ್ಲ, ಅದೇನು?

ಹಬ್ ಗೇರ್. ಹಿಂದಿನ ಚಕ್ರದ ನಡುವಿನ ಗುಂಬದೊಳಗೆ ಹಲ್ಲುಗಳಿರುತ್ತವೆ, ಹೊರಗೆ ನೋಡಿದರೆ ಸಿಂಗಲ್ ಸ್ಪೀಡಿನ ಹಾಗೇ. ಇಂಗ್ಲೆಂಡಿನ ಸ್ಟರ್ಮಿ ಆರ್ಚರ್ ಕಂಪನಿ ಇದನ್ನು ಇಪ್ಪತ್ತನೇ ಶತಮಾನದ ಆರಂಭದಲ್ಲೇ ಮಾರುತ್ತಿತ್ತು. ಈಗ ಹೆಚ್ಚಾಗಿ ಕಾಣುವುದು ಶಿಮಾನೊ ನೆಕ್ಸಸ್. ಮೂರು ಗೇರಿನ ನೆಕ್ಸಸ್‌ನಲ್ಲಿ ಮೇಲಿನ ಗೇರು ಕೆಳಗಿನದಕ್ಕಿಂತ 1.86 ಪಟ್ಟು. 14–28ರ ಏಳು ಗೇರಿನ ಸೆಟ್ಟಿನಲ್ಲಿ ಅದು 2 ಪಟ್ಟು. ಅಂದರೆ ಮೂರೇ ಮೂರು ಗೇರಿನಲ್ಲಿ ಹತ್ತಿರ ಹತ್ತಿರ ಅಷ್ಟೇ ಹರವು. ನಿಂತಲ್ಲೇ ಗೇರ್ ಬದಲಿಸಬಹುದು, ಸಿಗ್ನಲ್ಲಿಗೆ ಇದಕ್ಕಿಂತ ಒಳ್ಳೇದಿಲ್ಲ. ಮಳೆ ನೀರೂ ಒಳಗೆ ಸುಲಭಕ್ಕೆ ಹೋಗುವುದಿಲ್ಲ.

ಊರೊಳಗಿನ ಓಡಾಟಕ್ಕೆ ನನ್ನ ಮನಸ್ಸಿಗೆ ಬಂದದ್ದು ಇದೇ. ಆದರೆ ನಮ್ಮ ಅಂಗಡಿಗಳಲ್ಲಿ ಅಪರೂಪ, ದುಬಾರಿ, ಒಳಗೆ ಕೆಟ್ಟರೆ ಬಿಚ್ಚುವವರು ಇನ್ನೂ ಅಪರೂಪ. ಸಿಕ್ಕಿದರೆ, ರಿಪೇರಿ ಮಾಡುವವರೂ ಗೊತ್ತಿದ್ದರೆ, ಕಣ್ಣು ಮುಚ್ಚಿ ತಗೊಳ್ಳಿ.

ಗುಂಡಿ ಜಾಸ್ತಿ. ಸಸ್ಪೆನ್ಷನ್ ಇರುವ ಗೇರಿನ ಎಂಟಿಬಿ (ಮೌಂಟನ್ ಬೈಕ್) ತಗೊಳ್ಳಲಾ?

ಬೇಡ. ಕಡಿಮೆ ಬೆಲೆಯ ಮುಂದಿನ ಸಸ್ಪೆನ್ಷನ್ ಅಂದರೆ ಎರಡು ಕೊಳವೆ, ಒಳಗೊಂದು ಸ್ಪ್ರಿಂಗು, ಎರಡು ಕೆ.ಜಿಗೂ ಮೇಲ್ಪಟ್ಟ ತೂಕ. ಏರಿನಲ್ಲಿ ಎದ್ದು ತುಳಿದಾಗ ನಿಮ್ಮ ಬಲವನ್ನೂ ಅದು ನುಂಗುತ್ತದೆ. ಗುಂಡಿಗೆ ಮದ್ದು ಅಗಲ ಟಯರು. 35ರಿಂದ 45 ಮಿಲಿಮೀಟರ್ ಅಗಲದ, ಗುಬುಟು ಇಲ್ಲದ ಟಯರು ಹಾಕಿ, ಬದಿಯಲ್ಲಿ ಬರೆದಿರುವುದಕ್ಕಿಂತ ಸ್ವಲ್ಪ ಕಡಿಮೆ ಗಾಳಿ ಹಿಡಿಸಿ. ಗೇರು ಇರಲಿ ಇಲ್ಲದಿರಲಿ, ಈ ಟಯರು ಕೊಡುವ ಸುಖ ಬೇರೆ ಯಾವುದೂ ಕೊಡುವುದಿಲ್ಲ.

ಫಿಕ್ಸಿ ಅಂದರೂ ಸಿಂಗಲ್ ಸ್ಪೀಡೇ ತಾನೇ?

ಒಂದೇ ಗೇರು ನಿಜ, ಆದರೆ ಫ್ರೀವೀಲ್ ಇಲ್ಲ. ಚಕ್ರ ತಿರುಗುವವರೆಗೂ ಪೆಡಲ್ ತಿರುಗುತ್ತಲೇ ಇರುತ್ತದೆ. ಇಳಿಜಾರಿನಲ್ಲೂ ಕಾಲು ನಿಲ್ಲಿಸುವ ಹಾಗಿಲ್ಲ. ಟ್ರ್ಯಾಕ್ ರೇಸಿಗೆ ಮಾಡಿದ್ದು. ಅಂಗಡಿಯಲ್ಲಿ ಹಿಂದಕ್ಕೆ ತುಳಿದು ನೋಡಿ: ಪೆಡಲ್ ಸುಮ್ಮನೆ ತಿರುಗಿ ಟಿಕಟಿಕ ಅಂದರೆ ಫ್ರೀವೀಲ್ ಇದೆ. ನಮ್ಮ ಟ್ರಾಫಿಕ್ಕಿಗೆ ಫಿಕ್ಸಿ ಬೇಡ. ಬೇಕೇ ಬೇಕು ಅಂದರೆ ಎರಡು ಬ್ರೇಕ್ ಹಾಕಿಸದೆ ಮನೆಗೆ ತರಬೇಡಿ.

ಮಗುವನ್ನು, ಸಾಮಾನನ್ನು ಒಯ್ಯಬೇಕು.

ಹಿಂದೆ 15 ಕೆ.ಜಿ ಸೇರಿದರೆ ಸಣ್ಣ ಏರೂ ದೊಡ್ಡದಾಗುತ್ತದೆ. ಮಗುವನ್ನು ಕೂರಿಸಿಕೊಂಡು ಎದ್ದು ನಿಂತು ತುಳಿದರೆ ಸೈಕಲ್ ಆ ಕಡೆ ಈ ಕಡೆ ವಾಲಾಡುತ್ತದೆ, ಅದು ಸುರಕ್ಷಿತ ಅಲ್ಲ. ಹಾಗಾಗಿ ಗೇರು. ತೀರಾ ಸಮ ಊರಾದರೆ 44–22ರ ಸಿಂಗಲ್ ಸ್ಪೀಡ್ ಕೂಡ ನಡೆಯುತ್ತದೆ. ಕ್ಯಾರಿಯರ್ ಕೂರಿಸಲು ಫ್ರೇಮಿನಲ್ಲಿ ತೂತುಗಳಿವೆಯಾ ಅಂತ ಕೊಳ್ಳುವಾಗಲೇ ನೋಡಿ, ಎಷ್ಟೋ ಹೊಸ ಮಾಡೆಲ್ಲುಗಳಲ್ಲಿ ಇರುವುದೇ ಇಲ್ಲ.

ಮನೆಯಲ್ಲಿ ಗೇರ್ ಕೆಟ್ಟ ಹಳೇ ಸೈಕಲ್ ಇದೆ. ಸಿಂಗಲ್ ಸ್ಪೀಡ್ ಮಾಡಿಸಬಹುದಾ?

ಮಾಡಿಸಬಹುದು, ಒಳ್ಳೇ ಉಳಿತಾಯ. ಹಿಂದಿನ ಚಕ್ರ ಕೂರುವ ಸೀಳು ಅಡ್ಡಡ್ಡ ಇದ್ದರೆ ಚಕ್ರ ಎಳೆದು ಚೈನ್ ಬಿಗಿಸಬಹುದು, ಕೆಲಸ ಸಲೀಸು. ಸೀಳು ಕೆಳಮುಖ ಇದ್ದರೆ ಚೈನ್ ಬಿಗಿಯಾಗಿಡಲು ಟೆನ್ಷನರ್ ಬೇಕು. ಹಳೇ ಡಿರೇಲರನ್ನೇ ಒಂದು ಜಾಗದಲ್ಲಿ ನಿಲ್ಲಿಸಿ ಟೆನ್ಷನರ್ ಆಗಿ ಬಳಸುವ ಮೆಕ್ಯಾನಿಕ್‌ಗಳಿದ್ದಾರೆ. ಇದರ ತಿರುಗಾಮುರುಗಾ, ಅಂದರೆ ಸಿಂಗಲ್ ಸ್ಪೀಡಿಗೆ ಗೇರ್ ಹಾಕಿಸುವುದು, ಸಾಮಾನ್ಯವಾಗಿ ದಂಡ. ಹಿಂದಿನ ಫೋರ್ಕಿನ ಅಗಲ ಸಾಲುವುದಿಲ್ಲ, ಚಕ್ರವೇ ಬದಲಾಗಬೇಕು.

ಅಷ್ಟೆಲ್ಲಾ ಯಾಕೆ, ಇ-ಸೈಕಲ್ಲೇ ತಗೊಂಡರೆ?

ದೊಡ್ಡ ಏರು, ದೂರದ ಆಫೀಸು, ಬೆವರಬಾರದು ಅನ್ನುವವರಿಗೆ ಸರಿ. ಮೋಟಾರು 250 ವ್ಯಾಟ್‌ಗಿಂತ, ವೇಗ 25 ಕಿ.ಮೀಗಿಂತ ಕಡಿಮೆ ಇದ್ದರೆ ರಿಜಿಸ್ಟ್ರೇಷನ್, ಲೈಸೆನ್ಸ್ ಬೇಡ. ಅದರ ಮೇಲಿನದಾದರೆ ಕಾನೂನಿನ ಕಣ್ಣಿಗೆ ಅದು ಸೈಕಲ್ ಅಲ್ಲ. ಬ್ಯಾಟರಿ ತೆಗೆದು ಮನೆಯೊಳಗೆ ಚಾರ್ಜ್ ಮಾಡುವ ಹಾಗಿರಲಿ. ಮೂರನೇ ಮಹಡಿಗೆ ಇಪ್ಪತ್ತು ಕೆ.ಜಿ ಹೊರುವುದು ಯಾರಿಗೂ ಬೇಡ.

ಮಕ್ಕಳಿಗೆ ಗೇರ್ ಸೈಕಲ್ ಕೊಡಿಸಬಹುದಾ?

ಹತ್ತು ವರ್ಷದೊಳಗಿನವರಿಗೆ ಬೇಡ. ಕಣ್ಣು ಗೇರಿನ ನಂಬರಿನ ಮೇಲಿರುತ್ತದೆ, ರಸ್ತೆಯ ಮೇಲಲ್ಲ.

ಸೆಕೆಂಡ್ ಹ್ಯಾಂಡ್ ತಗೋಬಹುದಾ? ಏನೇನು ನೋಡಬೇಕು?

ಧಾರಾಳವಾಗಿ. ಸಿಂಗಲ್ ಸ್ಪೀಡಾದರೆ ನೋಡುವುದು ಕಡಿಮೆ. ಹಿಂದಿನ ಚಕ್ರ ಎತ್ತಿ ತಿರುಗಿಸಿ, ರಿಮ್ಮು ಬೆಂಡ್ ಇದೆಯಾ ನೋಡಿ. ಪೆಡಲ್ ಕಡ್ಡಿಯನ್ನು ಅಡ್ಡಕ್ಕೆ ಅಲ್ಲಾಡಿಸಿ, ಲೊಡಲೊಡ ಅಂದರೆ ಬೇರಿಂಗಿನ ಖರ್ಚು ಬಾಕಿ ಇದೆ. ಬ್ರೇಕ್ ಹಿಡಿದು ಮುಂದಕ್ಕೆ ತಳ್ಳಿ, ಹ್ಯಾಂಡಲ್ ಬುಡದಲ್ಲಿ ಕಟಕ್ ಅನ್ನಬಾರದು.

ಗೇರಿನದಾದರೆ ಇಷ್ಟರ ಜೊತೆಗೆ, ಸೈಕಲಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಡಿರೇಲರ್ ನೋಡಿ. ಅದರ ಎರಡು ಚಿಕ್ಕ ಗಾಲಿಗಳು ಮೇಲಿನ ಹಲ್ಲಿನ ಚಕ್ರಕ್ಕೆ ನೇರ ಸಾಲಿನಲ್ಲಿರಬೇಕು. ಒಳಕ್ಕೆ ವಾಲಿದ್ದರೆ ಹ್ಯಾಂಗರ್ ಬಾಗಿದೆ. ಚೈನಿಗೆ ಸ್ಕೇಲ್ ಹಿಡಿಯಿರಿ. ಆಮೇಲೆ ಓಡಿಸುತ್ತಾ ಒಂದರಿಂದ ಏಳಕ್ಕೆ, ಏಳರಿಂದ ಒಂದಕ್ಕೆ ಎಲ್ಲಾ ಗೇರ್ ಹಾಕಿ. ಮಾರುವವರು "ಅದೊಂದು ಗೇರ್ ಬಿಟ್ಟು ಎಲ್ಲಾ ಸರಿ ಇದೆ" ಅಂದರೆ, ಅದೊಂದರ ರಿಪೇರಿ ದುಡ್ಡನ್ನು ಬೆಲೆಯಲ್ಲಿ ಕಳೆದೇ ಮಾತಾಡಿ.